ಹಳ್ಳದ ಕರೆಂಟು ಲೈನಿಗೆ ಸೇರಬೇಕಂದ್ರೆ

ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಹಿಂದೆ ಗುಡ್ಡದಿಂದ ಇಳಿಯುವ ಹಳ್ಳ ಇದ್ದರೆ, ಅದರಲ್ಲಿ ಎಷ್ಟು ಕರೆಂಟಿದೆ ಅಂತ ಬಾಯಲ್ಲೇ ಲೆಕ್ಕ ಹಾಕಬಹುದು. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಎತ್ತರದಿಂದ ಬೀಳುತ್ತದೆ ನೋಡಿ. ಎರಡನ್ನೂ ಗುಣಿಸಿ, ಬಂದದ್ದನ್ನು 10ರಿಂದ ಗುಣಿಸಿದರೆ ವ್ಯಾಟ್. 8 ಲೀಟರ್, 25 ಮೀಟರ್ ಅಂದ್ರೆ 2,000 ವ್ಯಾಟ್. ಪೈಪು, ಚಕ್ರ, ಡೈನಮೋ ಎಲ್ಲ ಸೇರಿ ಅರ್ಧ ನುಂಗಿದರೂ ಒಂದು ಕಿಲೋವ್ಯಾಟ್ ಉಳಿಯುತ್ತದೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಷ್ಟು ಬೇಕಾಗುವುದಿಲ್ಲ. ಬಳಕೆ ಇಳಿದರೆ ಚಕ್ರ ಹುಚ್ಚೆದ್ದು ತಿರುಗುತ್ತದೆ. ಅದಕ್ಕೇ ಮಿಕ್ಕ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸಿ ಸ್ನಾನದ ನೀರು ಕಾಯಿಸುತ್ತಾರೆ. ಸುಮ್ನೆ ಲೈನಿಗೆ ಕೊಟ್ಟರಾಯ್ತು ಅಲ್ವಾ?

ಕೊಡಬಹುದು, ಆದರೆ ತಾಳ ಕೂಡಬೇಕು. ನಡೆಯುತ್ತಿರುವ ಕೋಲಾಟಕ್ಕೆ ಮಧ್ಯದಲ್ಲಿ ಸೇರಿದ ಹಾಗೆ ಇದು. ಹೆಜ್ಜೆ ತಪ್ಪಿದರೆ ಕೋಲು ಬೆರಳಿಗೇ ಬೀಳುತ್ತದೆ. ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ನಮ್ಮದೂ ಅಷ್ಟೇ ವೇಗದಲ್ಲಿ, ಅಷ್ಟೇ ವೋಲ್ಟೇಜಿನಲ್ಲಿ, ಅದೇ ಕ್ಷಣಕ್ಕೆ ಏರಿ ಅದೇ ಕ್ಷಣಕ್ಕೆ ಇಳಿಯಬೇಕು. ಹಳೇ ಪವರ್‌ಹೌಸ್‌ಗಳಲ್ಲಿ ಇದನ್ನು ಬಲ್ಬಿನಿಂದಲೇ ನೋಡುತ್ತಿದ್ದರು. ಲೈನಿಗೂ ಜನರೇಟರಿಗೂ ನಡುವೆ ಬಲ್ಬ್ ಕಟ್ಟುತ್ತಾರೆ. ತಾಳ ತಪ್ಪಿದಷ್ಟು ಹೊತ್ತು ಅದು ನಿಧಾನಕ್ಕೆ ಹೊತ್ತಿಕೊಳ್ಳುತ್ತದೆ, ನಿಧಾನಕ್ಕೆ ಆರುತ್ತದೆ. ಪೂರ್ತಿ ಕತ್ತಲಾದಾಗ ಎರಡೂ ಕಡೆ ವ್ಯತ್ಯಾಸ ಸೊನ್ನೆ. ಆಗ ಸ್ವಿಚ್ ಒತ್ತಬೇಕು. ಈಗ ಗ್ರಿಡ್ ಇನ್ವರ್ಟರ್, ಅಂದ್ರೆ ನಮ್ಮ ಕರೆಂಟನ್ನು ಲೈನಿಗೆ ಹೊಂದಿಸಿ ಸೇರಿಸುವ ಪೆಟ್ಟಿಗೆ, ಈ ಕೆಲಸ ತಾನೇ ಮಾಡಿಕೊಳ್ಳುತ್ತದೆ, ಚಾವಣಿ ಸೋಲಾರಿನಲ್ಲೂ ಅದೇ.

ತೊಡಕು ಬರುವುದು ಜುಲೈನಲ್ಲಿ. ಗಾಳಿಗೆ ಮರ ಬಿದ್ದು ಲೈನ್ ಹೋಯ್ತು ಅಂದುಕೊಳ್ಳಿ. ಹಳ್ಳ ತುಂಬಿ ಹರಿಯುತ್ತಿದೆ, ಆದರೂ ಇನ್ವರ್ಟರ್ ಎರಡೇ ಸೆಕೆಂಡಿನೊಳಗೆ ಬಾಗಿಲು ಹಾಕಿಕೊಳ್ಳುತ್ತದೆ. ಜನ ಇದಕ್ಕೆ ಸಿಟ್ಟಾಗುತ್ತಾರೆ. ಆದರೆ ಟಿಸಿ, ಅಂದ್ರೆ ಊರಿನ ಟ್ರಾನ್ಸ್‌ಫಾರ್ಮರ್, ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ನಾವು ಕೆಳಗಿನಿಂದ 230 ವೋಲ್ಟ್ ಕೊಟ್ಟರೆ ಮೇಲಿನ ತಂತಿಯಲ್ಲಿ 11,000 ವೋಲ್ಟ್ ಎದ್ದು ನಿಲ್ಲಬಹುದು. ಕಂಬದ ಮೇಲಿರುವ ಲೈನ್‌ಮ್ಯಾನ್ ಕರೆಂಟಿಲ್ಲ ಅಂತಲೇ ತಂತಿ ಮುಟ್ಟಿರುತ್ತಾನೆ.

ಹಾಗಾಗಿ ಒಂಟಿ ಮನೆಯವರು ಹಳ್ಳದ ಕರೆಂಟನ್ನು ಮನೆಗೇ ಇಟ್ಟುಕೊಳ್ಳುವುದು ವಾಸಿ ಅಂತ ನನಗನ್ನಿಸುತ್ತದೆ. ಲೈನಿಗೂ ಮನೆಗೂ ನಡುವೆ ಚೇಂಜ್‌ಓವರ್ ಸ್ವಿಚ್ ಇದ್ದರೆ ಎರಡೂ ಒಟ್ಟಿಗೆ ಸೇರುವ ಪ್ರಶ್ನೆಯೇ ಇಲ್ಲ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಲೈನಿನ ಕಡೆ ತಿರುಗಿಸಿಕೊಂಡರಾಯ್ತು. ಮಾರಲೇಬೇಕು ಅನ್ನುವವರು ಮೊದಲು ಮೆಸ್ಕಾಂಗೆ ಅರ್ಜಿ ಹಾಕಿ, ಒಪ್ಪಿಗೆ ಸಿಕ್ಕ ಮೇಲೆ ಎರಡೂ ಕಡೆ ಎಣಿಸುವ ಮೀಟರ್ ಹಾಕಿಸಿಕೊಳ್ಳಬೇಕು. ಇನ್ವರ್ಟರ್ ಮಾರಲು ಬಂದವರನ್ನು ದರಕ್ಕೂ ಮುಂಚೆ ಇಷ್ಟು ಕೇಳಿ: ಲೈನ್ ಹೋದ ದಿನ ಇದರಿಂದ ನಮ್ಮ ಮನೆಯ ಯಾವ ಬಲ್ಬ್ ಉರಿಯುತ್ತೆ?