ಸ್ಯಾಕ್ಸೋಫೋನಿನ ಮೈಕನ್ನು ಗಿಟಾರ್ ಪೆಡಲ್‌ಗಳಿಗೆ ಜೋಡಿಸುವುದು ಹೇಗೆ?

ಪ್ರಶ್ನೆ: ನನ್ನ ಆಲ್ಟೊ ಸ್ಯಾಕ್ಸೋಫೋನಿಗೆ ಒಂದು ಕಂಡೆನ್ಸರ್ ಕ್ಲಿಪ್ ಮೈಕ್ ಇದೆ. ದನಿ ಬದಲಿಸುವ ಮೂರು ಗಿಟಾರ್ ಪೆಡಲ್‌ಗಳಿವೆ: ಸ್ವರವನ್ನು ಒಂದು ಸಪ್ತಕ ಕೆಳಗಿಳಿಸುವ ಆಕ್ಟೇವ್, ದನಿಯನ್ನು ಒಡೆದು ಒರಟಾಗಿಸುವ ಓವರ್‌ಡ್ರೈವ್, ಪ್ರತಿಧ್ವನಿ ಕೊಡುವ ಡಿಲೇ. ಒಂದು ತುದಿಯಲ್ಲಿ ಎಕ್ಸ್‌ಎಲ್‌ಆರ್ (ಮೈಕಿನ ಮೂರು ಪಿನ್ನಿನ ಪ್ಲಗ್), ಇನ್ನೊಂದರಲ್ಲಿ ಗಿಟಾರ್ ಜ್ಯಾಕ್ ಇರುವ ಕೇಬಲ್ ತಂದು ಜೋಡಿಸಿದರೆ ಸದ್ದೇ ಬರುವುದಿಲ್ಲ. ಹಾಡಲು ಬಳಸುವ ಡೈನಮಿಕ್ ಮೈಕ್ ಹಾಕಿದರೆ ಪಿಸುಗುಟ್ಟಿದಷ್ಟು ಮಾತ್ರ ಕೇಳಿಸುತ್ತದೆ. ಪೆಡಲ್ ಕೆಟ್ಟಿದೆಯೇ?

ಉತ್ತರ: ಪೆಡಲ್ ಕೆಟ್ಟಿಲ್ಲ. ಕೇಬಲ್ಲಿನಲ್ಲೂ ದೋಷ ಇರಲಾರದು. ಪ್ಲಗ್ಗು ತೂತಿಗೆ ಸರಿಯಾಗಿ ಕೂತಿತೆಂದ ಮಾತ್ರಕ್ಕೆ ಒಳಗೆ ಹರಿಯುವ ಸಿಗ್ನಲ್ ಹೊಂದುತ್ತದೆ ಎಂದೇನಿಲ್ಲ.

ನಿಮ್ಮ ಕ್ಲಿಪ್ ಮೈಕ್ ಮೌನವಾಗಿರುವುದಕ್ಕೆ ಕಾರಣ ವಿದ್ಯುತ್ತು. ಇಂಥ ಮೈಕ್‌ಗಳಿಗೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್ಲಿನಲ್ಲೇ ಹರಿದು ಬರುವ ವಿದ್ಯುತ್ತು ಬೇಕು. ಮಿಕ್ಸರ್ ಅದನ್ನು ಕೊಡುತ್ತದೆ, ಗಿಟಾರ್ ಪೆಡಲ್ ಕೊಡುವುದಿಲ್ಲ. ಡೈನಮಿಕ್ ಮೈಕಿಗೆ ಆ ವಿದ್ಯುತ್ತು ಬೇಡ, ಆದ್ದರಿಂದ ಪಿಸುಮಾತಾದರೂ ಬಂತು. ಆದರೆ ಅದು ಹೊರಡಿಸುವುದು ಕೆಲವೇ ಮಿಲಿವೋಲ್ಟ್, ಪೆಡಲ್ ನಿರೀಕ್ಷಿಸುವುದು ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಕೊಡುವ ನೂರರ ಆಸುಪಾಸಿನ ಮಿಲಿವೋಲ್ಟ್. ಬಹಳ ಜನ ಇದಕ್ಕೆ ಇಂಪೀಡೆನ್ಸನ್ನು, ಅಂದರೆ ಸಿಗ್ನಲ್ಲಿಗೆ ಎದುರಾಗುವ ವಿದ್ಯುತ್ ತಡೆಯನ್ನು, ದೂರುತ್ತಾರೆ. ಮೈಕಿನ ವಿಷಯದಲ್ಲಿ ಆ ದೂರು ಪೂರ್ತಿ ಸರಿಯಲ್ಲ. 150–200 ಓಮ್‌ನ ಮೈಕ್ 10 ಲಕ್ಷ ಓಮ್‌ನ ಪೆಡಲ್ಲಿಗೆ ಹೋದರೆ ಯಾವ ಅನಾಹುತವೂ ಆಗುವುದಿಲ್ಲ, ಕೊರತೆಯಿರುವುದು ಮಟ್ಟದಲ್ಲಿ. ಇಂಪೀಡೆನ್ಸ್ ನಿಜವಾಗಿ ಕಾಡುವುದು ವಾದ್ಯಕ್ಕೆ ಅಂಟಿಸುವ ಅಥವಾ ಒಳಗೆ ಕೂರಿಸುವ ಪಿಯೆಜೊ ಪಿಕಪ್ಪಿನಲ್ಲಿ. ಅದನ್ನು ನೇರವಾಗಿ ಪೆಡಲ್ಲಿಗೆ ಕೊಟ್ಟರೆ ದನಿಯ ಮೈಯೆಲ್ಲ ಕರಗಿ ತಗಡಿನ ಸದ್ದಾಗುತ್ತದೆ. ನಡುವೆ ಅದಕ್ಕೆಂದೇ ಮಾಡಿದ ಪ್ರೀಆಂಪ್ (ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಸಾಧನ) ಅಥವಾ ಬಫರ್ (ಇಂಪೀಡೆನ್ಸನ್ನು ಹೊಂದಿಸುವ ಸಾಧನ) ಬೇಕು.

ನಿಮ್ಮ ಮೈಕಿಗೂ ಬೇಕಾದದ್ದು ಒಂದು ಪ್ರೀಆಂಪ್, ಫ್ಯಾಂಟಮ್ ಪವರ್ ಇರುವಂಥದ್ದು. ಮೈಕ್, ಪ್ರೀಆಂಪ್, ಪೆಡಲ್‌ಗಳು, ಆಮೇಲೆ ಡಿಐ ಬಾಕ್ಸ್, ಅಲ್ಲಿಂದ ಮಿಕ್ಸರ್: ದಾರಿ ಇಷ್ಟೇ. ಕೊನೆಯಲ್ಲಿರುವ ಡಿಐ ಬಾಕ್ಸ್ ಮೊದಲಲ್ಲಿ ಮಾಡಿದ್ದನ್ನು ಹಿಂದಕ್ಕೆ ತಿರುಗಿಸುತ್ತದೆ. ಪೆಡಲ್ಲಿನ ಸಿಗ್ನಲ್ಲನ್ನು ಮತ್ತೆ ಮೈಕಿನ ಮಟ್ಟಕ್ಕೆ ಇಳಿಸಿ, ಉದ್ದದ ಕೇಬಲ್ಲಿನಲ್ಲಿ ಗುಂಯ್‌ಗುಡದಂತೆ ಮಿಕ್ಸರಿಗೆ ತಲುಪಿಸುತ್ತದೆ. ಡಿಐ ಬಿಟ್ಟು ನಿಮ್ಮ ಅದೇ ಕೇಬಲ್ಲನ್ನು ತಿರುಗಿಸಿ ಪೆಡಲ್ಲಿನಿಂದ ಮಿಕ್ಸರಿಗೆ ಹಾಕುವ ಆಸೆ ಬರಬಹುದು. ಬೇಡ. ಮಿಕ್ಸರಿನಲ್ಲಿ ಫ್ಯಾಂಟಮ್ ಪವರ್ ಹಾಕಿದ್ದರೆ ಆ ವಿದ್ಯುತ್ತು ನಿಮ್ಮ ಡಿಲೇ ಪೆಡಲ್ಲಿನ ಬೆನ್ನಿಗೆ ಬಂದು ಬಡಿಯುತ್ತದೆ.

ಈ ಎರಡೂ ಕೆಲಸವನ್ನು ಒಂದೇ ಡಬ್ಬಿಯಲ್ಲಿ ಮಾಡುವ ಸಾಧನಗಳಿವೆ. ರೇಡಿಯಲ್ ಕಂಪನಿಯ ವೋಕೊ ಲೋಕೊ, ಇವೆಂಟೈಡ್‌ನ ಮಿಕ್ಸಿಂಗ್ ಲಿಂಕ್ ಇಂಥವು. ಮೈಕ್ ಒಳಗೆ ಹೋಗುತ್ತದೆ, ಪೆಡಲ್‌ಗಳು ಪಕ್ಕದ ಲೂಪಿನಲ್ಲಿ (ಸಿಗ್ನಲ್ ಹೊರಗೆ ಹೋಗಿ ಮರಳುವ ಸುತ್ತಿನಲ್ಲಿ) ಕೂರುತ್ತವೆ, ಹೊರಗೆ ಮಿಕ್ಸರಿಗೆ ಹೋಗುವ ಸಿಗ್ನಲ್ ಬರುತ್ತದೆ. ಇವುಗಳಲ್ಲಿ ನನಗೆ ಹೆಚ್ಚು ಬೆಲೆಬಾಳುವುದಾಗಿ ಕಾಣುವುದು ಮೂಲ ದನಿ ಮತ್ತು ಪೆಡಲ್ಲಿನ ದನಿಯನ್ನು ಬೇಕಾದ ಪ್ರಮಾಣದಲ್ಲಿ ಬೆರೆಸುವ ಗುಬ್ಬಿ (ನಾಬ್). ಮೂಲ ದನಿ ಸ್ವಲ್ಪ ಉಳಿದರೆ ನಾಲಿಗೆಯ ಪೆಟ್ಟು ಉಳಿಯುತ್ತದೆ, ಸ್ವರ ಎಲ್ಲಿ ಶುರುವಾಯಿತೆಂದು ಕೇಳುಗನಿಗೆ ತಿಳಿಯುತ್ತದೆ.

ಮಟ್ಟ ಹೊಂದಿಸುವ ಕ್ರಮ ಹೀಗೆ. ಎಲ್ಲ ಪೆಡಲ್‌ಗಳನ್ನೂ ಆಫ್ ಮಾಡಿ, ನಿಮ್ಮ ಅತಿ ಜೋರಿನ ಸ್ವರವನ್ನು ಊದಿ. ಸದ್ದು ಒಡೆಯುವ ತನಕ ಪ್ರೀಆಂಪಿನ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಏರಿಸಿ, ಅಲ್ಲಿಂದ ಧಾರಾಳವಾಗಿ ಇಳಿಸಿ. ಪೆಡಲ್‌ಗಳಿಗೆ ಪ್ರೀಆಂಪಿನ ಪೂರ್ತಿ ಲೈನ್ ಮಟ್ಟ (ಮಿಕ್ಸರಿನಂಥ ಸಾಧನಗಳ ನಡುವೆ ಹರಿಯುವ ದೊಡ್ಡ ಸಿಗ್ನಲ್) ಹೆಚ್ಚೇ ಆಗುತ್ತದೆ.

ಇನ್ನು ಪೆಡಲ್‌ಗಳ ಅನುಕ್ರಮ. ಆಕ್ಟೇವ್ ಮೊದಲಿರಲಿ. ಅದಕ್ಕೆ ಸ್ವಚ್ಛವಾದ ಒಂಟಿ ಸ್ವರ ಬೇಕು, ಊದುವ ವಾದ್ಯ ಕೊಡುವುದೂ ಬಹುಮಟ್ಟಿಗೆ ಅದನ್ನೇ. ಗಿಟಾರಿನ ಕಾರ್ಡುಗಳಿಗೆ (ಒಟ್ಟಿಗೇ ನುಡಿಸುವ ಸ್ವರಗಳಿಗೆ) ತಡವರಿಸುವ ಹಳೆಯ ಆಕ್ಟೇವ್ ಪೆಡಲ್ಲೂ ಸ್ಯಾಕ್ಸೋಫೋನಿನ ಹಿಂದೆ ಚೆನ್ನಾಗಿ ಓಡುತ್ತದೆ. ಒಂದು ಎಚ್ಚರಿಕೆ: ಆಲ್ಟೊದ ಅತಿ ಕೆಳಗಿನ ಸ್ವರ ಸುಮಾರು 139 ಹರ್ಟ್ಸ್. ಆಕ್ಟೇವ್ ಅದನ್ನು 69ಕ್ಕೆ ಇಳಿಸುತ್ತದೆ. ಊದುವ ವಾದ್ಯ ಎಂದು ಕೇಳಿದೊಡನೆ ಮಿಕ್ಸರಿನ ಮುಂದೆ ಕೂತವರು 100 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸುವ ಗುಂಡಿ ಒತ್ತುವುದು ವಾಡಿಕೆ. ನೀವು ಕಷ್ಟಪಟ್ಟು ಕೆಳಗಿಳಿಸಿದ್ದೆಲ್ಲ ಅಲ್ಲಿಗೆ ಹೋಯಿತು. ಆ ಕತ್ತರಿ ಪ್ರೀಆಂಪಿನಲ್ಲಿ, ಅಂದರೆ ಆಕ್ಟೇವಿಗೆ ಮೊದಲೇ ಇರಲಿ. ಮಿಕ್ಸರಿನಲ್ಲಿ ಬೇಡವೆಂದು ಮುಂಚೆಯೇ ಹೇಳಿ.

ಡಿಲೇ ಕೊನೆಗೆ. ಅದನ್ನು ಓವರ್‌ಡ್ರೈವಿಗೆ ಮೊದಲೇ ಇಟ್ಟರೆ ಪ್ರತಿಧ್ವನಿಗಳೆಲ್ಲ ಒಂದರ ಮೇಲೊಂದು ಬಿದ್ದು ಒಟ್ಟಿಗೇ ಒಡೆದು ರಾಡಿಯಾಗುತ್ತದೆ. ರಾಡಿಯೇ ಬೇಕೆಂದವರು ಹಾಗೆ ಇಡುವುದೂ ಉಂಟು. ಡಿಲೇ ಇನ್ನೊಂದು ಗುಟ್ಟನ್ನೂ ಬಯಲು ಮಾಡುತ್ತದೆ. ನಾನು ಮೊದಲ ಸಲ ಹಾಕಿದಾಗ ನುಡಿಸಿದ ಸ್ವರಕ್ಕಿಂತ ಹೆಚ್ಚಾಗಿ ಕೇಳಿಸಿದ್ದು ಕೀಲಿಯ ‘ಟಪ್’ ಮತ್ತು ಉಸಿರೆಳೆದ ‘ಸ್ಸ್’. ಸಾಲು ಮುಗಿಸಿ ಉಸಿರೆಳೆದರೆ, ಆ ಉಸಿರು ಮೂರು ಸಲ ಹಿಂದಿರುಗಿ ಬಂದು ನನ್ನನ್ನೇ ಅಣಕಿಸುತ್ತಿತ್ತು. ಮೈಕನ್ನು ಬಾಯಿಯಿಂದ ದೂರ ತಿರುಗಿಸಿದ ಮೇಲೆ ಕಡಿಮೆಯಾಯಿತು. ಹಾಗೆಂದು ಅದನ್ನು ಬೆಲ್ಲಿನೊಳಗೆ, ಅಂದರೆ ವಾದ್ಯದ ಅಗಲವಾದ ತುದಿಯೊಳಗೆ, ತುರುಕಬೇಡಿ. ಟ್ರಂಪೆಟ್ಟಿನಲ್ಲಿ ದನಿಯೆಲ್ಲ ಬೆಲ್ಲಿನಿಂದಲೇ ಬರುತ್ತದೆ, ಸ್ಯಾಕ್ಸೋಫೋನಿನಲ್ಲಿ ತೆರೆದ ತೂತುಗಳಿಂದಲೂ ಬರುತ್ತದೆ. ಬೆಲ್ಲಿನೊಳಗಿನ ಮೈಕಿಗೆ ಕೆಳಗಿನ ಒಂದೆರಡು ಸ್ವರ ಗುಡುಗಿದಂತೆ, ಉಳಿದವು ಪಕ್ಕದ ಕೋಣೆಯಲ್ಲಿ ನುಡಿದಂತೆ ಕೇಳಿಸುತ್ತವೆ. ಅಂಚಿನ ಮೇಲಿಂದ ಕೀಲಿಗಳತ್ತ ಮುಖಮಾಡಿ ಇಡಿ.

ನಿಮ್ಮ ಮೂರರಲ್ಲಿ ತಂಟೆಕೋರ ಓವರ್‌ಡ್ರೈವ್. ಗಿಟಾರಿನ ಪಿಕಪ್ಪಿಗೆ ಕೇಳುವುದು ಮುಖ್ಯವಾಗಿ ತಂತಿ, ಮೈಕಿಗೆ ಇಡೀ ಕೋಣೆ ಕೇಳುತ್ತದೆ. ಓವರ್‌ಡ್ರೈವ್ ಸಣ್ಣ ಸದ್ದುಗಳನ್ನು ಎತ್ತಿ ದೊಡ್ಡವುಗಳ ಸಮಕ್ಕೆ ತರುತ್ತದೆ. ನೀವು ಊದುವಾಗ ಎಲ್ಲ ಸುಮ್ಮನಿರುತ್ತದೆ, ಉಸಿರಿಗೆ ನಿಲ್ಲಿಸಿದ ಕ್ಷಣ ಸ್ಪೀಕರಿನ ಸದ್ದು ಮೈಕಿಗೆ ನುಗ್ಗಿ ಊಳಿಡತೊಡಗುತ್ತದೆ. ಡ್ರೈವ್ ಗುಬ್ಬಿಯನ್ನು ಗಿಟಾರಿನವರು ಇಡುವುದಕ್ಕಿಂತ ಬಹಳ ಕೆಳಗಿಡಿ, ಕಾಲ ಬಳಿಯ ಮಾನಿಟರಿನ (ನುಡಿಸುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರಿನ) ಬದಲು ಕಿವಿಯೊಳಗಿನದನ್ನು ಬಳಸಿ, ಓವರ್‌ಡ್ರೈವಿಗೆ ಮೊದಲು ಒಂದು ನಾಯ್ಸ್ ಗೇಟ್ (ಸಣ್ಣ ಸದ್ದುಗಳನ್ನು ತಡೆಯುವ ಸಾಧನ) ಹಾಕಿ. ಇಷ್ಟಾದರೂ ಬಗ್ಗದಿದ್ದರೆ ಪಿಕಪ್ಪಿನ ಕಡೆ ಹೋಗಬೇಕಾಗುತ್ತದೆ. 1965ರಲ್ಲಿ ಸೆಲ್ಮರ್ ಕಂಪನಿ ತಂದ ವಾರಿಟೋನ್ ಹಿಡಿದದ್ದು ಈ ದಾರಿಯನ್ನೇ: ಸ್ಯಾಕ್ಸೋಫೋನಿನ ಕತ್ತಿನಲ್ಲೇ ಪಿಕಪ್ ಕೂರಿಸಿ ಆಕ್ಟೇವ್, ಟ್ರೆಮೊಲೊ (ಸದ್ದಿನ ಏರಿಳಿತ), ಪ್ರತಿಧ್ವನಿಗಳನ್ನು ಜೋಡಿಸಿತ್ತು. ಜಾಸ್ ಸ್ಯಾಕ್ಸೋಫೋನ್ ವಾದಕ ಎಡ್ಡಿ ಹ್ಯಾರಿಸ್ ಅದನ್ನು ಹೆಸರುವಾಸಿ ಮಾಡಿದರು.

ವಿದ್ಯುತ್ತಿನ ಬಗ್ಗೆ ಒಂದೇ ಮಾತು. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್, ನಡುವಿನ ಪಿನ್ ಋಣ. ಆದರೆ ಒಂದೇ ಅಡಾಪ್ಟರಿನಿಂದ ಮೂರಕ್ಕೂ ಕವಲು ಎಳೆದರೆ ಡಿಜಿಟಲ್ ಡಿಲೇಯ ಕೀರಲು ಸದ್ದು ಉಳಿದೆರಡಕ್ಕೂ ಸೋರಬಹುದು. ಪ್ರತ್ಯೇಕ ಹೊರದಾರಿಗಳಿರುವ ಪವರ್ ಸಪ್ಲೈ ಮೇಲು.

ಮೊದಲ ದಿನ ಡಿಲೇ ಒಂದನ್ನೇ ಜೋಡಿಸಿ ನೋಡಿ. ಅದು ಸರಿಯಾದ ಮೇಲೆ ಆಕ್ಟೇವ್ ಸೇರಿಸಿ. ಓವರ್‌ಡ್ರೈವನ್ನು ಸ್ಪೀಕರಿನ ಎದುರು ನಿಲ್ಲದ ದಿನಕ್ಕೆ ಇಟ್ಟುಕೊಳ್ಳಿ.