ಬೈಗುಳ ತಿಂದದ್ದು ಎಪಾಕ್ಸಿ, ತಪ್ಪು ಬಟ್ಟೆಯದು

ಪುಣೆಯ ಭೋಸರಿಯಲ್ಲಿ ನಮ್ಮ ಪಕ್ಕದ ಶೆಡ್ ಬೆಳಗಾವಿ ಕಡೆಯ ಕಾಕಾ ಒಬ್ಬರದು. ಹೋದ ಮಳೆಗಾಲದಲ್ಲಿ ಒಂದು ಅಲ್ಯುಮಿನಿಯಂ ಬ್ರಾಕೆಟ್ ತಂದು ನನ್ನ ಟೇಬಲ್ ಮೇಲೆ ಕುಕ್ಕಿದರು. "ಎಪಾಕ್ಸಿ ಡುಪ್ಲಿಕೇಟ್ ಕೊಟ್ಟಾರ ನೋಡೋ ತಮ್ಮಾ, ನಾಕ್ ತಿಂಗಳಿಗೆ ಕಿತ್ತು ಬಂತು." ಕಂಪ್ರೆಸರ್ ಪಕ್ಕ, ಹಗಲೂ ರಾತ್ರಿ ನಡುಗುವ ಜಾಗದಲ್ಲಿ ಎಪಾಕ್ಸಿ ಅಂಟು ಹಾಕಿ ಅಂಟಿಸಿದ್ದರಂತೆ.

ತಿರುಗಿಸಿ ನೋಡಿದೆ. ಲೋಹ ಥಳಥಳ ಅಂತಿತ್ತು. ಅಂಟು ಹಪ್ಪಳದ ಹಾಗೆ ಇಡಿಯಾಗಿ ಎದ್ದು ಬಂದಿತ್ತು, ಅದರ ಮೇಲೆ ಮಸುಕಾಗಿ ಯಾರದೋ ಹೆಬ್ಬೆರಳಿನ ಗುರುತು ಬೇರೆ! ಅಂಟೇ ಕಳಪೆಯಾಗಿದ್ದರೆ ನಡುವೆ ಹರಿದು ಎರಡೂ ಕಡೆ ಉಳಿಯಬೇಕಿತ್ತು, ಅಲ್ವಾ? ಇಲ್ಲಿ ಅಂಟು ಹರಿದೇ ಇಲ್ಲ, ಲೋಹದ ಕೈ ಬಿಟ್ಟಿದೆ ಅಷ್ಟೇ. ಅಂಟಿಸುವಾಗ ಲೋಹದ ಮೇಲೆ ಜಿಡ್ಡು ಉಳಿದಿತ್ತು ಅನ್ನಿಸಿತು.

ಮೋಸ ಇರೋದು ಇಲ್ಲೇ. ಅಂಟಿಸಿದ ಮರುದಿನ ಒಂದೇ ಸಲ ಜಗ್ಗಿ ನೋಡಿದರೆ ಜಿಡ್ಡಿನ ಮೇಲ್ಮೈಯೂ ಎಷ್ಟೋ ಸಲ ಪಾಸಾಗಿಬಿಡುತ್ತದೆ. ಆದರೆ ಸಣ್ಣ ಸಣ್ಣ ಅಲುಗಾಟ ಲಕ್ಷಾಂತರ ಸಲ ಬಿದ್ದಾಗ ಬಿರುಕು ಕೂದಲೆಳೆಯಷ್ಟೇ ಮುಂದೆ ಮುಂದೆ ಸರಿಯುತ್ತಾ, ಎಲ್ಲಿ ಹಿಡಿತ ಸಡಿಲವೋ ಅದೇ ದಾರಿ ಹಿಡಿಯುತ್ತದೆ. ಅದರ ಮೇಲೆ ಪುಣೆಯ ಮಳೆ. ಅಲ್ಯುಮಿನಿಯಂ ಮೈಮೇಲೆ ಯಾವಾಗಲೂ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ಇರುತ್ತದೆ, ಅಂಟು ಹಿಡಿಯುವುದು ಅದನ್ನೇ. ಪಸೆ ಒಳಗೆ ಇಳಿದರೆ ಅದು ಹೈಡ್ರಾಕ್ಸೈಡ್ ಆಗಿ ಉಬ್ಬಿ, ಬುಡವೇ ಸಡಿಲ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮೇಲ್ಛಾವಣಿ ಸುಮಾರು 5.5 ಮೀಟರ್ ಉದ್ದಕ್ಕೆ 24,000 ಅಡಿ ಎತ್ತರದಲ್ಲಿ ಹಾರಿಹೋಯಿತು, ಗಗನಸಖಿಯೊಬ್ಬರು ತೀರಿಕೊಂಡರು. ಅಲ್ಲೂ ತಗಡಿನ ಜೋಡಣೆಯಲ್ಲಿ ಅಂಟು ಬಿಟ್ಟಿತ್ತು. ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ಆ ತೂತುಗಳಿಂದ ಬಿರುಕು ಹೊರಟಿತ್ತು. ಈಗ ವಿಮಾನದ ಅಲ್ಯುಮಿನಿಯಂ ಅಂಟಿಸುವ ಮುಂಚೆ ಫಾಸ್ಫಾರಿಕ್ ಆಸಿಡ್‌ನಲ್ಲಿ ಅನೋಡೈಸ್ ಮಾಡುವುದುಂಟು, ಅಂದರೆ ಆಸಿಡ್‌ನಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿ ಆಕ್ಸೈಡ್ ಬೆಳೆಸುವುದು. ಆಗ ಏಳುವ ತೂತುತೂತಾದ ಆಕ್ಸೈಡ್ ಒಳಗೆ ಪ್ರೈಮರ್, ಅಂದರೆ ಅಂಟಿಗೂ ಮುಂಚೆ ಹಚ್ಚುವ ತೆಳು ಲೇಪ, ಇಳಿದು ಬೇರು ಬಿಡುತ್ತದೆ.

ಶೆಡ್‌ನಲ್ಲಿ ಅಷ್ಟೆಲ್ಲ ಆಗಲ್ಲ ಬಿಡಿ. ಮೊದಲು ಜಿಡ್ಡು ತೆಗೆಯಬೇಕು, ಆಮೇಲೆ ಎಮರಿ ಪೇಪರ್. ನಮ್ಮವರು ಇದನ್ನು ಉಲ್ಟಾ ಮಾಡಿ ಎಣ್ಣೆಯನ್ನು ಗೀರುಗಳ ಒಳಗೇ ತಿಕ್ಕಿಬಿಡುತ್ತಾರೆ! ಮತ್ತೆ ಒರೆಸಿ, ಲೋಹಕ್ಕೂ ಅಂಟಿಗೂ ನಂಟು ಹಾಕುವ ಸಿಲೇನ್ ಪ್ರೈಮರ್ ಇದ್ದರೆ ಹಚ್ಚಿ, ಬರಿಗೈ ತಾಗಿಸದೆ ಅವತ್ತೇ ಅಂಟಿಸಬೇಕು. ಪ್ರೈಮರ್ ಹಚ್ಚುವ ಮುಂಚೆ ಶುದ್ಧ ನೀರು ಸುರಿದು ನೋಡಿ: ಹಾಳೆಯಂತೆ ಹರಡಿದರೆ ಸರಿ, ಹನಿಹನಿಯಾದರೆ ಜಿಡ್ಡು ಇನ್ನೂ ಇದೆ.

ಕಾಕಾ ಅಸಿಟೋನ್ ಹಾಕಿ ಒರೆಸಿದ ಹೊಸ ತಗಡು ತಂದರು. ನೀರು ಬಿಟ್ಟೆವು. ಕೆಸುವಿನ ಎಲೆ ಮೇಲೆ ಬಿದ್ದ ಹಾಗೆ ಉರುಳಿತು. ಕಾಕಾ ಸುಮ್ನೆ ಕೈಯಲ್ಲಿದ್ದ ಬಟ್ಟೆ ನೋಡಿಕೊಂಡರು. "ಇದು ಲೇಥಿನ ಎಣ್ಣಿ ಒರಸೋ ಅರಿವಿ."