ಆಡಿಟರ್ ಆಫೀಸು ಬೆಳೆದರೆ ದಾವಣಗೆರೆಗೆ ಎಂಥ ಕೆಲಸ?

ಲೆಕ್ಕಪತ್ರ, ತೆರಿಗೆ ಸಲಹೆಯ ಸಂಸ್ಥೆಯೊಂದು ಊರಲ್ಲಿ ಹೊಸ ಆಫೀಸು ತೆರೆಯುತ್ತದೆ ಅಂದ ಕೂಡಲೇ ಎಷ್ಟು ಜನಕ್ಕೆ ಕೆಲಸ ಸಿಗುತ್ತೆ ಅಂತ ಕೇಳುತ್ತೇವೆ. ಯಾರ ಲೆಕ್ಕ ಬರೆಯುವ ಕೆಲಸ ಅಂತಲೂ ಕೇಳಬೇಕು.

ಹತ್ತಿ ಗಿರಣಿಗಳು ಜೋರಾಗಿ ನಡೆಯುತ್ತಿದ್ದಾಗ ಮಂಡಿಗಳಲ್ಲಿ ಖಿರ್ದಿ, ಅಂದರೆ ದಿನದ ಜಮಾ-ಖರ್ಚಿನ ಪುಸ್ತಕ, ಬರೆಯಲು ಒಬ್ಬ ಗುಮಾಸ್ತ ಸಾಕಿತ್ತು. ಮುಂದೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಿ.ಕಾಂ. ಓದಿದವರನ್ನು ಊರಲ್ಲೇ ಉಳಿಸಿದ್ದರಲ್ಲಿ ತೆರಿಗೆ ಕಾನೂನಿನ ಪಾಲು ದೊಡ್ಡದು. 1984ರ ಹಣಕಾಸು ಕಾಯ್ದೆ, ವರ್ಷಕ್ಕೆ 40 ಲಕ್ಷ ರೂಪಾಯಿ ಮೀರಿ ವಹಿವಾಟು ಮಾಡುವ ವ್ಯಾಪಾರಿಗಳಿಗೆ ಆದಾಯ ತೆರಿಗೆಯ ಆಡಿಟ್ ಕಡ್ಡಾಯ ಮಾಡಿತು. 2005ರ ಏಪ್ರಿಲ್‌ನಲ್ಲಿ ರಾಜ್ಯಕ್ಕೆ ಮಾರಾಟದ ಮೇಲಿನ ಮೌಲ್ಯವರ್ಧಿತ ತೆರಿಗೆ, ವ್ಯಾಟ್, ಬಂತು.

ನಿಜವಾದ ಭರಾಟೆ ಶುರುವಾಗಿದ್ದು 2017ರ ಜುಲೈ 1ರಿಂದ, ಜಿಎಸ್‌ಟಿ ಬಂದ ಮೇಲೆ. ಮಂಡಿಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯನ್ನೇ ತಗೊಳ್ಳಿ. ತಿಂಗಳ ರಿಟರ್ನ್ ಹಾಕುವವರಾದರೆ ಮುಂದಿನ ತಿಂಗಳ 11ರೊಳಗೆ ಮಾರಾಟದ ವಿವರ ಹೋಗಬೇಕು. 14ಕ್ಕೆ ಪೋರ್ಟಲ್‌ನಲ್ಲಿ, ಮಾಲು ಕೊಟ್ಟವರು ತುಂಬಿದ ವಿವರದಿಂದ ತಯಾರಾದ ಖರೀದಿ ಪಟ್ಟಿ ಬರುತ್ತದೆ. ಆಫೀಸಿನ ಹುಡುಗಿ ಬಿಲ್ಲಿನ ಕಟ್ಟು ಮುಂದಿಟ್ಟುಕೊಂಡು ಒಂದೊಂದನ್ನೇ ಅದಕ್ಕೆ ತಾಳೆ ನೋಡುತ್ತಾಳೆ. ಮಾಲು ಕೊಟ್ಟವರು ಅಂಗಡಿಯ 15 ಅಕ್ಷರ-ಅಂಕಿಯ ಜಿಎಸ್‌ಟಿ ನಂಬರಿನಲ್ಲಿ ಒಂದು ತಪ್ಪು ಹೊಡೆದಿದ್ದರೂ ಆ ಬಿಲ್ಲು ಪಟ್ಟಿಯಲ್ಲಿ ಇರುವುದಿಲ್ಲ, ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಸಿಗುವುದಿಲ್ಲ. ಫೋನ್ ಮಾಡಿ ಸರಿಮಾಡಿಸಿ, 20ರೊಳಗೆ ತೆರಿಗೆ ಕಟ್ಟಿಸಬೇಕು. ಇದು ಸುಮ್ನೆ ಟೈಪಿಂಗ್ ಅಲ್ಲ, ತಲೆ ಓಡಿಸಿ ಮಾಡುವ ಕೆಲಸ. ಮನೆಯಿಂದ ಓಡಾಡಿಕೊಂಡೇ ಮಾಡಬಹುದಾದ್ದರಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಮೊದಲ ಸಂಬಳ. ಈ ಹೆಣ್ಣುಮಕ್ಕಳ ದುಡಿಮೆಗೆ ಸಿಗಬೇಕಾದ ಬೆಲೆ ಇನ್ನೂ ಸಿಕ್ಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಆದರೆ ಕಾನೂನು ಕೊಟ್ಟ ಕೆಲಸವನ್ನು ಕಾನೂನೇ ಕಿತ್ತುಕೊಳ್ಳಬಹುದು. ಆದಾಯ ತೆರಿಗೆ ಆಡಿಟ್‌ನ ಮಿತಿ ಒಂದು ಕೋಟಿಗೆ ಏರಿತು. ನಗದು ವ್ಯವಹಾರ ಶೇ 5 ಮೀರದ ವ್ಯಾಪಾರಿಗಳಿಗೆ 2021ರಲ್ಲಿ ಅದು 10 ಕೋಟಿಯಾಯಿತು. ಎಂಟ್ರಿ ಹಾಕುವ ಕೆಲಸವನ್ನು ಸಾಫ್ಟ್‌ವೇರ್ ಬೇರೆ ನುಂಗುತ್ತಿದೆ.

ಹಾಗಾಗಿ ಹೊಸ ಆಫೀಸು ಇಲ್ಲಿನ ಅಂಗಡಿಗಳ ಲೆಕ್ಕವನ್ನೇ ಹಂಚಿಕೊಂಡರೆ ಕೆಲಸ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಹೋಗುತ್ತದೆ, ಅಷ್ಟೇ ಅಲ್ವಾ? ಬೆಂಗಳೂರಿನ ಕಂಪನಿಗಳ ಲೆಕ್ಕ, ಸಂಬಳಪಟ್ಟಿ ಇಲ್ಲಿಗೆ ಬಂದರೆ ಮಾತ್ರ ಹೊಸ ಕುರ್ಚಿ ಹುಟ್ಟುತ್ತದೆ. ಇನ್ನು ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದುವವರ ಆರ್ಟಿಕಲ್‌ಶಿಪ್ 2023ರ ಹೊಸ ಪದ್ಧತಿಯಲ್ಲಿ ಎರಡು ವರ್ಷದ ತರಬೇತಿ. ಅವರಿಗೆ ಸಿಗುವುದು ಸ್ಟೈಪೆಂಡ್. ಉದ್ಯೋಗದ ಲೆಕ್ಕ ಹೇಳುವಾಗ ಅವರನ್ನು ಬೇರೆಯೇ ತೋರಿಸಬೇಕು.